ಒಂಬತ್ತು ನಿಮಿಷದ ದಾರಿ

"ಕೆಳಗಿಳಿ ತಂಗೀ. ರಸ್ತೇಲಿ ನಡಿ."

ಜೆಸ್ಸಪ್ ಬೀದಿಯ ನೆರೆಯವರಿಂದ ಅರ್ನೆಟಾಳಿಗೆ ಸಿಕ್ಕ ಮೊದಲ ಮಾತು ಇದು. ಮನೆ ಕೊಂಡು ಬಂದು ಮೂರು ದಿನವಾಗಿತ್ತು. ಬೆಂಡೆಕಾಯಿ, ಜೋಳದ ಹಿಟ್ಟಿನ ಚೀಲ ಹಿಡಿದು ಅಂಗಡಿಯಿಂದ ಫುಟ್‌ಪಾತಿನ ಮೇಲೆ ಬರುತ್ತಿದ್ದಳು. ಹೇಳಿದವನು ರಸ್ತೆಯ ಅಂಚಿನಲ್ಲಿ ಕೋಲೂರಿ ನಿಂತಿದ್ದ ಮುದುಕ. ಹೆಸರು ಟೊಲಿವರ್, ಎಂಬತ್ತನಾಲ್ಕು ವರ್ಷ, ಹಿಂದಿನ ಓಣಿಯಲ್ಲಿ ಒಂಟಿ ವಾಸ. ಸೆಪ್ಟೆಂಬರಿನ ಸೆಖೆಯಲ್ಲೂ ಕೋಟು ಹಾಕಿ, ತಲೆಗೆ ಕಂದು ಹ್ಯಾಟು ಇಟ್ಟಿದ್ದ.

"ಯಾಕಣ್ಣ ಇಳೀಬೇಕು?"

"ನಮ್ಮೋರು ಯಾರೂ ಅದರ ಮೇಲೆ ನಡೆಯಲ್ಲ. ಮುಖ ನೋಡಿದ್ರೇ ಗೊತ್ತಾಗುತ್ತೆ, ನೀನು ಲುಸಿಂಡಾ ಮಗಳು. ನಿಮ್ಮಮ್ಮಾನೂ ನಡೆದೋಳಲ್ಲ."

ಆ ಮಾತು ಆಡಬಾರದಿತ್ತು. ಅರ್ನೆಟಾಳ ತಾಯಿ ಅಮೆರಿಕದ ದಕ್ಷಿಣದ ಈ ಬೆಲ್‌ಫೋರ್ಡ್ ಊರಲ್ಲೇ ಹುಟ್ಟಿ, ಹದಿನಾಲ್ಕಕ್ಕೆ ಉತ್ತರದ ಫಿಲಡೆಲ್ಫಿಯಾಕ್ಕೆ ಹೋದವಳು. ಅಲ್ಲಿನ ಅಗಲವಾದ ಫುಟ್‌ಪಾತುಗಳ ಪಕ್ಕದಲ್ಲಿ, ಮಗಳ ಕೈ ಹಿಡಿದು, ಸಾಯುವವರೆಗೂ ರಸ್ತೆಯ ಅಂಚಿನಲ್ಲೇ ನಡೆದಳು. ಕಾರುಗಳು ಹಾರನ್ ಹೊಡೆಯುತ್ತಿದ್ದವು. ಓಣಿಯ ಮಕ್ಕಳು ಅವಳ ನಡಿಗೆಯನ್ನು ಅಣಕಿಸುತ್ತಿದ್ದರು. ಬಿಳಿಯರು ಎದುರು ಬಂದರೆ ಕರಿಯರು ಫುಟ್‌ಪಾತ್ ಬಿಟ್ಟು ಇಳಿಯಬೇಕಿದ್ದ ಕಾಲದ ಹೆದರಿಕೆ ಅದು, ಮೂಳೆಗೆ ಇಳಿದುಬಿಟ್ಟಿದೆ ಎಂದು ದೊಡ್ಡವರು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ಅರ್ನೆಟಾ ನಾಚಿಕೆಯಿಂದ ಹಿಡಿಯಾಗುತ್ತಿದ್ದಳು. ಯಾರಿಗೂ ದಾರಿ ಬಿಟ್ಟು ಇಳಿಯುವುದಿಲ್ಲ ಎಂದು ಹನ್ನೆರಡನೇ ವಯಸ್ಸಿಗೇ ಹಟ ತೊಟ್ಟಿದ್ದಳು. ಈಗ ಅರವತ್ತಮೂರು. ಹಟಕ್ಕೆ ಮಾತ್ರ ವಯಸ್ಸಾಗಿರಲಿಲ್ಲ.

"ಆ ಕಾಲ ಮುಗೀತು ಅಣ್ಣ. ಸ್ವಂತ ದುಡ್ಡಲ್ಲಿ ಮನೆ ತಗೊಂಡಿದೀನಿ, ತೆರಿಗೆ ಕಟ್ತೀನಿ. ನಿಮಗೆ ಬೇಕಾದ್ರೆ ತಲೆ ಬಗ್ಗಿಸಿಕೊಂಡು ರಸ್ತೇಲಿ ಹೋಗಿ. ನಾನಂತೂ ಇಳಿಯೋಳಲ್ಲ."

"ನಾನು ಹೇಳ್ತಿರೋದು ಬಿಳಿಯರ ವಿಷಯ ಅಲ್ಲ—"

ಅವಳು ಆಗಲೇ ಮೂಗು ಮುರಿದು ಮುಂದೆ ನಡೆದಿದ್ದಳು.

ನಡೆಯುವುದಕ್ಕೆಂದೇ ಅವಳು ಈ ಮನೆ ಕೊಂಡಿದ್ದು. ಇಪ್ಪತ್ತೆಂಟು ವರ್ಷ ಸಿಟಿ ಬಸ್ಸು ಓಡಿಸಿದವಳಿಗೆ ಕಣ್ಣಿನ ರೋಗ ಅಂಟಿಕೊಂಡಿತ್ತು. ನಡುವೆ ಕಾಣುತ್ತದೆ, ಸುತ್ತ ಕತ್ತಲೆ. ಕೊಳವೆಯೊಳಗಿಂದ ಲೋಕ ನೋಡಿದ ಹಾಗೆ. ಆ ಕೊಳವೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿತ್ತು. ಲೈಸೆನ್ಸು ಒಪ್ಪಿಸಿ ಬಂದ ದಿನ ಮಗಳು ಡೆನೀಸ್, "ನಮ್ಮನೇಗೆ ಬಂದುಬಿಡು ಮಮ್ಮಿ" ಎಂದಳು. ಮಗಳದು ಹಾಲು ತರಲೂ ಕಾರು ಬೇಕಾದ ಬಡಾವಣೆ. ಯಾರಿಗೆ ಪುರುಸೊತ್ತಾಗುತ್ತದೆ ಎಂದು ಕಿಟಕಿಯಲ್ಲಿ ಕಾಯುತ್ತ, ಇನ್ನೊಬ್ಬರ ಕಾರಿನ ಹಿಂದಿನ ಸೀಟಿನಲ್ಲಿ ಗಂಟುಮೂಟೆಯಂತೆ ಕೂರುವುದನ್ನು ನೆನೆದರೇ ಅವಳಿಗೆ ಉಸಿರು ಕಟ್ಟುತ್ತಿತ್ತು. ಅಂಗಡಿ, ಔಷಧಿ, ಚರ್ಚು, ಗ್ರಂಥಾಲಯ ಎಲ್ಲಕ್ಕೂ ತನ್ನ ಕಾಲಲ್ಲೇ ಹೋಗಿಬರುವಂಥ ಮನೆಯೊಂದು ಸಾಕಿತ್ತು.

ಬೆಲ್‌ಫೋರ್ಡಿನಲ್ಲಿ ಅದು ಸಿಕ್ಕಿತು. ಹಳೆಯ ಓಕ್ ಮರಗಳ ನೆರಳು, ಬೀದಿಯ ಒಂದು ಬದಿಗೆ ಉದ್ದಕ್ಕೂ ಕೆಂಪು ಇಟ್ಟಿಗೆಯ ಫುಟ್‌ಪಾತು, ಜಗಲಿಯ ಸೂರಿಗೆ ತಿಳಿನೀಲಿ ಬಣ್ಣ. ಬಸ್ ಕಂಪನಿ ಕೊಟ್ಟ ಕೈಗಡಿಯಾರ ನೋಡಿಕೊಂಡು ಅವಳು ಎಲ್ಲವನ್ನೂ ನಡೆದು ಅಳೆದಳು. ಚರ್ಚಿಗೆ ಐದು ನಿಮಿಷ, ಔಷಧಿ ಅಂಗಡಿಗೆ ಏಳು, ದಿನಸಿಗೆ ಒಂಬತ್ತು. ಹೋಗುವಾಗಲೂ ಬರುವಾಗಲೂ ಅಷ್ಟೇ. ಆಗಿನ್ನೂ ಅದು ಅವಳ ಮನೆಯಾಗಿರಲಿಲ್ಲ.

ಬೆಲೆ ನಂಬಲಾಗದಷ್ಟು ಕಡಿಮೆ. ಮನೆ ತೋರಿಸಿದ ಏಜೆಂಟ್ ಹುಡುಗಿ ಫುಟ್‌ಪಾತನ್ನು ಅಡ್ಡ ಹಾಯಿಸಿ ಕಾರನ್ನು ಸೀದಾ ಮೆಟ್ಟಿಲವರೆಗೆ ತಂದು ನಿಲ್ಲಿಸಿದ್ದಳು.

"ಇಷ್ಟು ಚೆಂದದ ಫುಟ್‌ಪಾತು, ಒಂದು ನರಪಿಳ್ಳೆಯೂ ಕಾಣಲ್ವಲ್ಲಮ್ಮ?"

"ಇಲ್ಲೆಲ್ಲಾ ಕಾರಿನೋರು ಮೇಡಂ," ಎಂದು ಹುಡುಗಿ ಕಾಗದ ಮುಂದೆ ಮಾಡಿದಳು. ಪಕ್ಕದ ಮನೆಯವನು ಎರಡು ಮನೆ ಆಚೆಯ ತಂಗಿಯ ಹತ್ತಿರ ಹೋಗಲೂ ಕಾರು ಹೊರಡಿಸುವುದನ್ನು ಅರ್ನೆಟಾ ಆಮೇಲೆ ನೋಡಿದಳು. ಎಂಥ ಸೋಮಾರಿಗಳಪ್ಪ ಎಂದು ನಕ್ಕಳು.

ಮೊದಲ ವಾರ ಅಂಗಡಿಗೆ ಒಂಬತ್ತು ನಿಮಿಷ, ವಾಪಸು ಹನ್ನೊಂದು. ಚೀಲದ ಭಾರ ಅಂದುಕೊಂಡಳು. ಎರಡನೇ ವಾರ ವಾಪಸು ಹದಿನಾಲ್ಕು. ಸೆಖೆ ಅಂದುಕೊಂಡಳು. ಅಕ್ಟೋಬರ್ ಬಂತು, ಸೆಖೆ ಇಳಿಯಿತು, ಖಾಲಿ ಕೈಯಲ್ಲಿ ಬಂದರೂ ಇಪ್ಪತ್ತೆರಡು. ಹೋಗುವಾಗ ಮಾತ್ರ ಎಂದಿಗೂ ಒಂಬತ್ತೇ. ಇಪ್ಪತ್ತೆಂಟು ವರ್ಷ ನಿಮಿಷಕ್ಕೆ ಲೆಕ್ಕ ಒಪ್ಪಿಸಿದವಳ ಕೈಗಡಿಯಾರ ಸುಳ್ಳು ಹೇಳುವುದಿಲ್ಲ. ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದಳು.

ಮಳೆ ಬಿದ್ದ ದಿನ ಇಟ್ಟಿಗೆಗಳ ಸಂದಿಯಿಂದ ಒಂದು ವಾಸನೆ ಏಳುತ್ತಿತ್ತು. ಗೀರಿದ ಬೆಂಕಿಕಡ್ಡಿಯ ವಾಸನೆ, ಅದರಡಿಯಲ್ಲಿ ಹೊಸದಾಗಿ ತೋಡಿದ ಗುಂಡಿಯ ಹಸಿಮಣ್ಣಿನ ವಾಸನೆ. ನಡೆಯುವಾಗ ಅವಳ ಹೆಜ್ಜೆಯ ಸದ್ದಿಗೆ ಅರೆಕ್ಷಣ ತಡವಾಗಿ ಇನ್ನೊಂದು ಸದ್ದು ಕೇಳುತ್ತಿತ್ತು. ನಿಂತರೆ ಅದೂ ನಿಲ್ಲುತ್ತಿತ್ತು. ಆದರೆ ಒಂದು ಹೆಜ್ಜೆ ಹೆಚ್ಚಿಗೆ ಇಟ್ಟು ನಿಲ್ಲುತ್ತಿತ್ತು.

ವಾಪಸು ಮೂವತ್ತೊಂದು ನಿಮಿಷವಾದ ದಿನ ಟೊಲಿವರ್ ಅವಳ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದ. ಅವಳ ಬೆವೆತ ಮುಖ ನೋಡಿ, "ಎಷ್ಟಾಯ್ತು ಇವತ್ತು?" ಎಂದ. ಅವಳು ಒಳಗೆ ಹೋಗಿ ಎರಡು ಲೋಟ ಕಾಫಿ ತಂದಿಟ್ಟಳು.

"ಈ ಇಟ್ಟಿಗೆ ಹಾಸಿದೋರು ನಮ್ಮೋರೇ," ಮುದುಕ ನಿಧಾನವಾಗಿ ಶುರುಮಾಡಿದ. "ನಮ್ಮ ತಾತ ಮೇಸ್ತ್ರಿ. ಅರ್ಧ ಬೀದಿ ಹಾಸಿ ಮುಗಿಸಿದ ಸಂಜೆ, ತಾನೇ ಹಾಸಿದ್ದಲ್ವಾ ಅಂತ ಅದರ ಮೇಲೇ ಮನೆಗೆ ಹೊರಟ. ಎದುರಿಗೆ ಬಿಳಿಯರು ಬಂದ್ರು. ಇಳಿ ಅಂದ್ರು. ಇಳೀಲಿಲ್ಲ. ಮನೆ ಮುಟ್ಟಲಿಲ್ಲ ತಂಗೀ."

ಅರ್ನೆಟಾ ಲೋಟ ಕೆಳಗಿಟ್ಟಳು.

"ನಮ್ಮಜ್ಜಿ ಜೆರೂಷಾ ಗಿಡ ಬೇರು ಬಲ್ಲೋಳು. ಮಾಟಾನೂ ಬಲ್ಲೋಳು. ಅವನ ಕೊನೇ ಹೆಜ್ಜೆ ಮಣ್ಣು ಬಗೆದು ತಂದಳು. ಸ್ಮಶಾನದ ಮಣ್ಣು, ಗಂಧಕ, ತುಕ್ಕು ಮೊಳೆ ಸೇರಿಸಿ ಕೆಂಪು ಬಟ್ಟೇಲಿ ಗಂಟು ಕಟ್ಟಿದಳು. ಒಂದಲ್ಲ, ನೂರು. ಮಿಕ್ಕರ್ಧ ಹಾಸುವಾಗ ನಮ್ಮ ಮೇಸ್ತ್ರಿಗಳೇ ಅವನ್ನ ಇಟ್ಟಿಗೆ ಅಡಿ ಇಟ್ಟರು. 'ನನ್ನ ಗಂಡ ಮನೆ ಮುಟ್ಟಲಿಲ್ಲ, ಇದರುದ್ದಕ್ಕೂ ನಡೆಯೋ ಯಾರೂ ಮನೆ ಮುಟ್ಟಬಾರದು' ಅಂದಳು. ಯಾರೂ ಅಂದುಬಿಟ್ಟಳು ನೋಡು. ಹೆಸರು ಹೇಳಲಿಲ್ಲ, ಬಣ್ಣ ಹೇಳಲಿಲ್ಲ. ಸಿಟ್ಟಲ್ಲಿದ್ದಳು."

"ಅದಕ್ಕೇ ನಮ್ಮೋರು..."

"ತಾವಾಗೇ ರಸ್ತೆಗಿಳಿದ್ರು. ಬಿಳಿಯರು ಅಂದ್ಕೊಂಡ್ರು, ಆಹಾ, ಎಷ್ಟು ವಿಧೇಯರಾಗಿಬಿಟ್ರು ಅಂತ. ನಾವು ತಲೆ ಬಗ್ಗಿಸ್ಕೊಂಡು ನಡೀತಿದ್ವಿ, ಒಳಗೊಳಗೇ ನಗ್ತಿದ್ವಿ. ನಿಮ್ಮಮ್ಮಾನೂ. ಅಡ್ಡ ದಾಟಿದ್ರೆ ಏನೂ ಆಗಲ್ಲ ತಂಗೀ. ಉದ್ದಕ್ಕೆ ನಡೀಬಾರದು."

ಅರ್ನೆಟಾ ರಸ್ತೆಯತ್ತ ತಿರುಗಿದಳು. ರಸ್ತೆಯ ಅಂಚಿನಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದ ತಾಯಿ. ತಗ್ಗಿದ ಆ ಮುಖದಲ್ಲಿ ಏನಿತ್ತು ಎಂದು ಮಗಳು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

"ಬಿಡಿಸೋಕೆ ಆಗಲ್ವಾ?" ನಗಲು ನೋಡಿದಳು, ನಗು ಬರಲಿಲ್ಲ.

"ಅಜ್ಜೀನೇ ಇಟ್ಟಿಗೆ ಕೀಳಿಸಿದಳು, ಕೊನೇಗಾಲದಲ್ಲಿ. ಬಟ್ಟೆ ಕರಗಿಹೋಗಿತ್ತು. ಮಣ್ಣಲ್ಲಿ ಮಣ್ಣು ಹುಡುಕೋದು ಹೆಂಗೆ? ಅಲ್ಲಿ ಸಿಕ್ಕಿಕೊಂಡೋರನ್ನ ಇಳಿಸಬೇಕಂದ್ರೆ ಇನ್ನೊಬ್ಬರು ಹತ್ತಬೇಕು. ಹಂಗೆ ಹತ್ತಿದೋರು ಅವರ ಬದಲಿಗೆ ಸಿಕ್ಕಿಕೊಳ್ತಾರೆ, ಅವರ ಕತೆ ಅಲ್ಲಿಗೆ ಮುಗೀತು."

ಮಾರನೆಯ ದಿನ ಅವಳು ರಸ್ತೆಗಿಳಿದಳು. ನಾಚಿಕೆಯನ್ನು ನುಂಗಿಕೊಂಡು, ತಾಯಿಯಂತೆ ಅಂಚು ಹಿಡಿದು ನಡೆದಳು. ಮೂರನೆಯ ದಿನ ಹಿಂದಿನಿಂದ ಬಂದ ಟ್ರಕ್ಕೊಂದು ತೋಳು ಸವರಿಕೊಂಡು ಹೋಯಿತು. ಅವಳ ಕಣ್ಣಿಗೆ ಪಕ್ಕದ್ದು ಕಾಣುವುದಿಲ್ಲವಲ್ಲ. ಓಡಿಸುತ್ತಿದ್ದ ಬಿಳಿಯ ಹುಡುಗ ಕಿಟಕಿಯಿಂದ ತಲೆ ಹಾಕಿ, "ಫುಟ್‌ಪಾತ್ ಇರೋದ್ಯಾಕೆ ಮುದುಕಿ? ಸಾಯೋ ಆಸೇನಾ?" ಎಂದು ಕಿರುಚಿದ. ಅವಳು ಚರಂಡಿಯ ಪಕ್ಕ ಕುಸಿದು ಕೂತಳು. ಫುಟ್‌ಪಾತಿನಲ್ಲಿ ನಡೆಯುವಂತಿಲ್ಲ, ರಸ್ತೆಯಲ್ಲಿ ಬದುಕುವಂತಿಲ್ಲ. ಹಾಗಾದರೆ ಡೆನೀಸಳ ಕಿಟಕಿಯೇ ಗತಿ. ಆಗಲ್ಲ ಎಂದಳು, ಜೋರಾಗಿ, ಯಾರೂ ಇಲ್ಲದ ಬೀದಿಗೆ. ಕಣ್ಣಿನ ಹನಿಯ ಔಷಧಿ ಅಂದೇ ಮುಗಿದಿತ್ತು. ಏಳು ನಿಮಿಷದ ದಾರಿ. ಒಂದು ಸಲ, ಇನ್ನೊಂದೇ ಸಲ ಎಂದು ಫುಟ್‌ಪಾತು ಹತ್ತಿದಳು.

ಔಷಧಿ ತೆಗೆದುಕೊಂಡು ಹೊರಬಿದ್ದಾಗ ನಾಲ್ಕು ಗಂಟೆ. ನವೆಂಬರಿನ ಹಳದಿ ಬಿಸಿಲು.

ನಾಲ್ಕೂ ಇಪ್ಪತ್ತು. ಕಬ್ಬಿಣದ ನಾಯಿಯ ಬೊಂಬೆ ಇರುವ ಮನೆ ದಾಟಿತು. ಇನ್ನು ಮೂರೇ ಮನೆ. ತನ್ನ ಜಗಲಿಯ ನೀಲಿ ಸೂರು ಕಾಣುತ್ತಿತ್ತು.

ನಾಲ್ಕೂ ನಲವತ್ತು. ಕಬ್ಬಿಣದ ನಾಯಿ ಇರುವ ಮನೆ.

ಐದು ಗಂಟೆ. ಕಬ್ಬಿಣದ ನಾಯಿ. ಈಗ ಅದು ತಲೆ ತಿರುಗಿಸಿ ಇವಳನ್ನೇ ನೋಡುತ್ತಿದ್ದಂತಿತ್ತು.

ಗಂಧಕದ ವಾಸನೆ ಗಂಟಲಿಗೆ ಇಳಿಯಿತು. ಮುಂದೆ ಯಾರೋ ನಡೆಯುತ್ತಿದ್ದರು. ಉದ್ದ ಲಂಗ, ಹಳೆಯ ಕಾಲದ ಗರಿಯ ಟೋಪಿ. ಆಚೆ ಇನ್ನೊಬ್ಬ, ಬಿಳಿ ಸೂಟಿನವನು. ಅವನ ಆಚೆ ಇನ್ನೂ ಎಷ್ಟೋ ಬೆನ್ನುಗಳು. ಯಾರೂ ತಿರುಗಲಿಲ್ಲ. ಯಾರೂ ನಿಲ್ಲಲಿಲ್ಲ. "ಅಮ್ಮಾ," ಎಂದು ಕರೆದಳು. ಗರಿಯ ಟೋಪಿ ಅಲುಗಿತು. ನಡಿಗೆ ನಿಲ್ಲಲಿಲ್ಲ.

ಇಳಿಯಬೇಕು. ಇಳಿದುಬಿಡಬೇಕು. ಯಾವ ಹಟವೂ ಉಳಿದಿರಲಿಲ್ಲ. ಬಲಕ್ಕೆ ಕಾಲು ಚಾಚಿದಳು. ಇಟ್ಟಿಗೆ. ಇನ್ನೊಂದು ಹೆಜ್ಜೆ. ಇಟ್ಟಿಗೆ. ಹತ್ತು ಹೆಜ್ಜೆ. ಇಟ್ಟಿಗೆ, ಇಟ್ಟಿಗೆ. ರಸ್ತೆ ಅಲ್ಲೇ ಇತ್ತು. ಕಾರೊಂದು ಪಕ್ಕದಲ್ಲೇ ಹಾದುಹೋಯಿತು, ಅದರ ರೇಡಿಯೋ ಕೇಳಿಸಿತು. ಕೂಗಿದಳು. ಕಾರು ನಿಲ್ಲಲಿಲ್ಲ. ಬೆಳಕು ಇಂಗುತ್ತಿತ್ತು. ಕಣ್ಣಿನ ಕೊಳವೆ ಕಾಸಿನಗಲ ಆಯಿತು. ಹಿಂದಿನ ಹೆಜ್ಜೆ ಈಗ ತಡವಾಗಿ ಬರುತ್ತಿರಲಿಲ್ಲ. ಅವಳ ಹೆಜ್ಜೆಯ ಜೊತೆಗೇ ಬೀಳುತ್ತಿತ್ತು. ಕತ್ತಿನ ಮೇಲೆ ಯಾರದೋ ತಣ್ಣಗಿನ ಉಸಿರು.

ಟಕ್. ಟಕ್. ಕೋಲಿನ ಸದ್ದು.

"ತಂಗೀ! ಎಲ್ಲಿದೀಯ? ಮಾತಾಡ್ತಾ ಇರು!"

"ಅಣ್ಣಾ! ಹತ್ತಬೇಡಿ! ಹತ್ತಬೇಡಿ ಅಣ್ಣಾ!"

ಬಾಯಿ ಹಾಗೆಂದಿತು. ಕೈ ಮಾತ್ರ ಅವನತ್ತ ಚಾಚಿಕೊಂಡಿತ್ತು. ಆ ಕೈಯನ್ನು ಅವಳು ಇವತ್ತಿಗೂ ಕ್ಷಮಿಸಿಲ್ಲ.

ಎಂಬತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಅದರ ಮೇಲೆ ಉದ್ದಕ್ಕೆ ನಡೆಯದವನು ಹತ್ತಿದ. ಒರಟು ಅಂಗೈ ಅವಳ ಮಣಿಕಟ್ಟು ಹಿಡಿಯಿತು. ಹಳೆಯ ಕೋಟಿನ ಹೊಗೆಸೊಪ್ಪಿನ ವಾಸನೆ ಬಂತು. "ನಮ್ಮಜ್ಜಿ ಕಟ್ಟಿದ ಗಂಟು ಇದು," ಎಂದ ಕಿವಿಯ ಹತ್ತಿರ. "ನೀನು ಮಾತ್ರ ಮತ್ತೆ ಹತ್ತಬೇಡ. ನನಗೋಸ್ಕರ ಬರಬೇಡ, ಕೇಳಿಸ್ತಾ?" ಭುಜ ಹಿಡಿದು ಬಲವಾಗಿ ತಳ್ಳಿದ. ಅವಳು ಬಿದ್ದಳು. ಮಂಡಿ ತರಚಿತು, ಅಂಗೈಗೆ ಡಾಂಬರು ತಾಗಿತು. ರಸ್ತೆ.

ತಿರುಗಿ ನೋಡಿದಾಗ ಅವನು ಆಗಲೇ ಬೀದಿಯ ತುದಿಯಲ್ಲಿದ್ದ. ಹ್ಯಾಟು ಎತ್ತಿ ತೋರಿಸಿ, ನಡೆಯತೊಡಗಿದ.

ಪೊಲೀಸರು ಎಂಟು ದಿನ ಹುಡುಕಿದರು. ವಯಸ್ಸಾದವರು, ಎಲ್ಲೋ ದಾರಿ ತಪ್ಪಿರಬೇಕು ಎಂದು ಬರೆದುಕೊಂಡು ಹೋದರು. ಬೀದಿಯವರು ಏನೂ ಹೇಳಲಿಲ್ಲ. ಅಂದಿನಿಂದ ಯಾರಾದರೊಬ್ಬರು ವಾರಕ್ಕೊಮ್ಮೆ ಕಾರನ್ನು ಅವಳ ಮೆಟ್ಟಿಲವರೆಗೆ ತಂದು, ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ. ಅವಳು ಹಿಂದಿನ ಸೀಟಿನಲ್ಲಿ ಕೂರುತ್ತಾಳೆ.

ಫೆಬ್ರವರಿಯಲ್ಲಿ ಕಣ್ಣಿನ ಕೊನೆಯ ಬೆಳಕೂ ಆರಿತು. ಡೆನೀಸ್ ಬಂದಳು. ಬಟ್ಟೆಬರೆ ಪೆಟ್ಟಿಗೆಗೆ ತುಂಬಿದಳು.

"ಹೊರಡು ಮಮ್ಮಿ. ಇನ್ನು ಈ ಮನೇಲಿ ಏನಿದೆ ನಿನಗೆ?"

ಅರ್ನೆಟಾ ಜಗಲಿಯ ಕಟಕಟೆ ಹಿಡಿದು ಕೂತಿದ್ದಳು. ಕಟಕಟೆಯ ಮೇಲೆ ಎರಡು ಲೋಟ ಕಾಫಿ, ಒಂದು ಆಗಲೇ ತಣ್ಣಗಾಗಿತ್ತು. ನಾಲ್ಕು ಗಂಟೆಯಾಗಿರಬೇಕು. ದೂರದ ತಿರುವಿನಿಂದ ಕೋಲಿನ ಸದ್ದು ಹೊರಟಿತು. ಟಕ್, ಟಕ್. ಕಬ್ಬಿಣದ ನಾಯಿಯ ಮನೆ ದಾಟಿತು. ಪಕ್ಕದ ಮನೆ ದಾಟಿತು. ಅವಳ ಗೇಟಿನ ಹತ್ತಿರ, ಇನ್ನೊಂದೇ ಹೆಜ್ಜೆ ಅನ್ನುವಷ್ಟರಲ್ಲಿ ನಿಂತಿತು. ಮತ್ತೆ ದೂರದ ತಿರುವಿನಿಂದ ಹೊರಟಿತು.

"ನಿನಗೆ ಕೇಳಿಸ್ತಾ?" ಎಂದಳು.

"ಏನು?"

ಮೆಟ್ಟಿಲಿಳಿದು ಹನ್ನೆರಡು ಹೆಜ್ಜೆ ನಡೆದರೆ ಫುಟ್‌ಪಾತು. ಹತ್ತಿ, ಆ ತೋಳು ಹಿಡಿದು ತಳ್ಳಿದರೆ ಸಾಕು. ದಿನವೂ ಎದ್ದು ಹೋಗುತ್ತಾಳೆ. ದಿನವೂ ಹನ್ನೊಂದನೆಯ ಹೆಜ್ಜೆಗೆ ಕಾಲು ನಿಲ್ಲುತ್ತದೆ. ಬರಬೇಡ ಅಂದಿದ್ದನಲ್ಲ ಎಂದು ನೆಪ ಹೇಳಿಕೊಂಡು ಹಿಂದಿರುಗುತ್ತಾಳೆ. ಜನ್ಮವಿಡೀ ಇಳಿಯಲ್ಲ ಎಂದವಳಿಗೆ ಈಗ ಹತ್ತಲು ಧೈರ್ಯವಿಲ್ಲ.

"ಪೆಟ್ಟಿಗೆ ಒಳಗಿಡು ಡೆನೀಸ್," ಎಂದಳು. "ಅಣ್ಣ ಮನೆಗೆ ಬರ್ತಿದ್ದಾರೆ. ಯಾರಾದ್ರೂ ಕಾಯ್ತಾ ಇರಬೇಕು."