ಗಾಡಿ ತೆಗೀಬೇಡ

ಪೆಡಲ್ ನೆಲ ಮುಟ್ಟಿತು.

ಒತ್ತಿದೆ... ಇಳಿಯಿತು. ಇನ್ನೂ ಒತ್ತಿದೆ... ಇನ್ನೂ ಇಳಿಯಿತು. ನಾದಿದ ಹಿಟ್ಟಿನೊಳಗೆ ಕಾಲಿಟ್ಟ ಹಾಗೆ. ಪಿಕಪ್ ಗಾಡಿ ಮಾತ್ರ ನಿಧಾನವಾಗಲಿಲ್ಲ.

ಮುಂದೆ ಬರೀ ಘಟ್ಟದ ಇಳಿಜಾರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಹಿಂದೆ ಅಕ್ಕನ ಎರಡು ಹೊಲಿಗೆ ಮಷೀನು, ಕಟಿಂಗ್ ಟೇಬಲ್ಲು. ಪಕ್ಕದ ಸೀಟಿನಲ್ಲಿ ಅಕ್ಕ.

ನಾನು ಹದಿನಾರು ವರ್ಷದಿಂದ ಇನ್ಶೂರೆನ್ಸ್ ಕಂಪನಿಗಳಿಗೆ ಆಕ್ಸಿಡೆಂಟ್ ತನಿಖೆ ಮಾಡುವವನು. ಬೇಕೆಂದೇ ಸುಟ್ಟ ಲಾರಿ, ಬೇಕೆಂದೇ ಕಣಿವೆಗೆ ತಳ್ಳಿದ ಕಾರು... ಎಲ್ಲ ನೋಡಿದವನು. ಆದರೆ ಸುಳ್ಳು ಯಾಕೆ ಹೇಳಲಿ? ಆಗ ಹೆದರಿದೆ. ನನಗೆ ಏನಾದರೂ ಆಗಲಿ, ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಪಕ್ಕದಲ್ಲಿದ್ದಳು.

"ಯಾಕೋ ಇಷ್ಟು ಸ್ಪೀಡು?"

"ಬೆಲ್ಟ್ ಹಾಕ್ಕೋ ಅಕ್ಕ."

"ಹಾಕಿದೀನಿ. ಏನಾಯ್ತು?"

"ಬ್ರೇಕ್ ಹೋಗಿದೆ."

ಅಕ್ಕ ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡಳು.

ಬೆಳಿಗ್ಗೆಯೇ ಫೋನ್ ಬಂದಿತ್ತು. ಗೊತ್ತಿಲ್ಲದ ನಂಬರು. ಗೊಗ್ಗರು ದನಿ. "ಗಾಡಿ ತೆಗೀಬೇಡ. ತೆಗೆದ್ರೆ ಸಾಯ್ತೀಯ."

ನಾನು ಸುಮ್ಮನಿರುವ ಜಾತಿಯಲ್ಲ. "ಯಾವನೋ ನೀನು? ನಿನ್ನಂಥವರನ್ನ ಬಹಳ ನೋಡಿದೀನಿ!" ಅಂದೆ. ಕಟ್ ಮಾಡಿ ಆ ನಂಬರನ್ನೇ ಬ್ಲಾಕ್ ಮಾಡಿದೆ. ಕೈಯಲ್ಲಿ ಲಾರಿ ಮಾಲೀಕನೊಬ್ಬನ ಸುಳ್ಳು ಕ್ಲೇಮಿನ ಕೇಸಿತ್ತು. ಇದು ಅವನ ಕಡೆಯವರದೇ ಎಂದುಕೊಂಡೆ. ಗಾಡಿ ತೆಗೀಬೇಡ ಅಂದರಲ್ಲ, ಅದಕ್ಕೇ ತೆಗೆದೆ.

ಈಗ ಕನ್ನಡಿಯಲ್ಲಿ ಒಂದು ಬೂದು ವ್ಯಾನು ಕಾಣಿಸಿತು. ಹೆಡ್‌ಲೈಟ್ ಮಿನುಗಿಸುತ್ತ, ಹಾರನ್ ಒತ್ತುತ್ತ ಹತ್ತಿರ ಬರುತ್ತಿತ್ತು.

"ಯಾರೋ ಹಿಂದೆ ಬರ್ತಿದಾರೆ ಕಣೋ."

"ಗೊತ್ತು. ತಿರುಗಬೇಡ."

ಪೆಡಲನ್ನು ಪಟಪಟನೆ ತುಳಿದೆ. ಒಂದು, ಎರಡು, ಮೂರು... ನಾಲ್ಕನೆಯದಕ್ಕೆ ಅದು ಸ್ವಲ್ಪ ಮೇಲೆ ಬಂತು. ಗಾಡಿ ಒಂದಿಷ್ಟು ತಡೆಯಿತು, ಮತ್ತೆ ಜಾರಿತು. ಥರ್ಡ್‌ನಿಂದ ಸೆಕೆಂಡ್ ಗೇರಿಗೆ ಎಳೆದೆ. ಎಂಜಿನ್ ಅರಚಿತು. ತಿರುವಿನಲ್ಲಿ ಹಿಂದಿನ ಮಷೀನುಗಳು ಧಡಾರೆಂದು ಒಂದು ಪಕ್ಕಕ್ಕೆ ಬಿದ್ದವು.

ಹೆದರಿಕೆಯಲ್ಲೂ ತಲೆ ಲೆಕ್ಕ ಹಾಕುತ್ತಿತ್ತು. ಬ್ರೇಕ್ ಆಯಿಲ್ ಕಡಿಮೆಯಾದರೆ ಹೊತ್ತುವ ಕೆಂಪು ಲೈಟು ಹೊತ್ತಿಲ್ಲ. ಅಂದರೆ ಪೈಪ್ ಕತ್ತರಿಸಿಲ್ಲ. ತುಳಿತುಳಿದರೆ ಪೆಡಲ್ ಏಳುತ್ತದೆ. ಅಂದರೆ ಲೈನಿನಲ್ಲಿ ಗಾಳಿ ಸೇರಿದೆ. ಆಯಿಲ್ ಹಿಂಡಿದರೆ ಚಕ್ರ ನಿಲ್ಲುತ್ತದೆ, ಗಾಳಿ ಹಿಂಡಿದರೆ ಗಾಳಿಯೇ ಕುಗ್ಗುತ್ತದೆ. ಭಾನುವಾರ, ನಿನ್ನೆ ತಾನೇ, ಮುಂದಿನ ಎರಡೂ ಚಕ್ರದ ಬ್ರೇಕ್ ಬಿಚ್ಚಿ ತೊಳೆದು ನಾನೇ ಕೈಯಾರೆ ಹಾಕಿದ್ದೆ. ಹಾಗಿದ್ದ ಮೇಲೆ ಗಾಳಿ ಬಂದದ್ದೆಲ್ಲಿಂದ? ರಾತ್ರಿ ಯಾವನೋ ಕೈಯಾಡಿಸಿದ್ದಾನೆ... ಕೆಲಸ ಬಲ್ಲ ಕೈ.

"ಎದುರಿಗೆ ಬಸ್ಸು!" ಅಕ್ಕ ಅಂದಳು.

ತಿರುವಿನ ಆಚೆ ಮಣ್ಣಿನ ದಿಬ್ಬ ಕಾಣಿಸಿತು. ರಸ್ತೆ ಅಗೆದು ಸುರಿದ ಮಣ್ಣು. ಫಸ್ಟ್ ಗೇರು. ಹ್ಯಾಂಡ್‌ಬ್ರೇಕನ್ನು ಹಲ್ಲುಕಚ್ಚಿ ಸ್ವಲ್ಪ ಸ್ವಲ್ಪವೇ ಎಳೆದೆ. ಸ್ಟೇರಿಂಗನ್ನು ದಿಬ್ಬದ ಕಡೆ ತಿರುಗಿಸಿದೆ. ಮೂತಿ ಮಣ್ಣಿಗೆ ತಿವಿಯಿತು. ನನ್ನ ಹಣೆ ಸ್ಟೇರಿಂಗಿಗೆ ಬಡಿಯಿತು. ಬಸ್ಸು ಒಂದು ಗೇಣು ಬಿಟ್ಟು ಪಕ್ಕದಲ್ಲೇ ಹಾದುಹೋಯಿತು.

ನಿಂತಿತು.

"ಅಕ್ಕ?"

"ಬದುಕಿದೀನಿ. ಮಷೀನ್ ನೋಡು."

ಬೂದು ವ್ಯಾನೂ ನಿಂತಿತು. ಬಾಗಿಲು ತೆರೆಯಿತು. ಮುಖಕ್ಕೆ ಮಫ್ಲರ್ ಸುತ್ತಿದ ಒಬ್ಬ ಇಳಿದ. ಕೈಯಲ್ಲಿ ಉದ್ದನೆಯ ವ್ಹೀಲ್ ಸ್ಪ್ಯಾನರ್. ನೇರ ನಮ್ಮ ಕಡೆಗೇ ನಡೆದುಬಂದ.

ನಾನು ಜ್ಯಾಕ್ ರಾಡ್ ಎತ್ತಿಕೊಂಡೆ. ಕೆಳಗೆ ಇಳಿದೆ.

"ಅಲ್ಲೇ ನಿಲ್ಲು! ಇನ್ನೊಂದು ಹೆಜ್ಜೆ ಇಟ್ರೆ..."

"ಇಟ್ರೆ ಏನ್ ಮಾಡ್ತೀಯೋ, ಅಧಿಕಪ್ರಸಂಗಿ?"

ಅದೇ ಗೊಗ್ಗರು ದನಿ. ಆತ ಮಫ್ಲರ್ ಇಳಿಸಿದ.

ಗ್ಯಾರೇಜಿನ ಮೇಸ್ತ್ರಿ! ಸ್ಪ್ಯಾನರ್ ಹಿಡಿಯುವುದನ್ನು ನನಗೆ ಕಲಿಸಿದ ಮನುಷ್ಯ.

"ಬೆಳಿಗ್ಗೆ ಫೋನ್ ಮಾಡಿದ್ದು... ನೀವಾ?"

"ಇನ್ಯಾರು? ಶೀತ ಆಗಿ ಗಂಟಲು ಕಟ್ಟಿದೆ. ನನ್ನ ಫೋನ್ ಚಾರ್ಜ್ ಸತ್ತಿತ್ತು, ಟೈರ್ ಅಂಗಡಿಯವನ ಫೋನಿಂದ ಮಾಡ್ದೆ. ಪೂರ್ತಿ ಹೇಳೋಕೆ ಬಿಟ್ಟೆಯಾ? ಬೈದು ಇಟ್ಟೆ. ಆಮೇಲೆ ಹತ್ತು ಸಲ ಮಾಡ್ದೆ, ಹೋಗಲೇ ಇಲ್ಲ. ಮನೆಗೆ ಬಂದ್ರೆ ಆಗಲೇ ಹೊರಟಿದ್ರಿ. ಈ ವ್ಯಾನೂ ಅವನದೇ, ಬೇಡಿ ತಂದೆ."

"ಯಾರು ಬ್ರೇಕ್ ಕೆಡಿಸಿದ್ದು ಅಂತ ನಿಮಗೆ ಗೊತ್ತಾ?"

ಮೇಸ್ತ್ರಿ ನನ್ನನ್ನೇ ನೋಡಿದರು. "ನಿನ್ನೆ ಫೋಟೋ ಕಳಿಸಿದ್ದೆಯಲ್ಲ. 'ನಿಮ್ಮ ಹಂಗಿಲ್ಲದೆ ನಾನೇ ಹಾಕಿದೆ, ನಾಳೆ ಅಕ್ಕನ ಸಾಮಾನು ಘಟ್ಟ ಇಳಿಸ್ತೀನಿ' ಅಂತ. ಬಾ ಇಲ್ಲಿ."

ಚಕ್ರಗಳಿಗೆ ಕಲ್ಲು ಕೊಟ್ಟರು. ಜ್ಯಾಕ್ ಏರಿಸಿ ಮುಂದಿನ ಚಕ್ರ ಬಿಚ್ಚಿದರು. ಡಿಸ್ಕನ್ನು ಕಚ್ಚಿ ಹಿಡಿಯುವ ಕ್ಯಾಲಿಪರ್ ಕಾಣಿಸಿತು.

"ಗಾಳಿ ತೆಗೆಯೋ ಸ್ಕ್ರೂ ಎಲ್ಲಿದೆ?"

"ಕೆಳಗೆ."

"ಗಾಳಿ ಎಲ್ಲಿ ನಿಲ್ಲುತ್ತೆ?"

"...ಮೇಲೆ."

ಎಡಗಡೆಯ ಕ್ಯಾಲಿಪರ್ ಬಲಕ್ಕೆ, ಬಲಗಡೆಯದು ಎಡಕ್ಕೆ. ಎರಡನ್ನೂ ಒಂದೇ ಬಕೆಟ್ಟಿನಲ್ಲಿ ತೊಳೆದಿದ್ದೆ. ಅದಲುಬದಲು ಮಾಡಿದರೂ ಬೋಲ್ಟು ಸರಿಯಾಗಿಯೇ ಕೂತಿತ್ತು. ಸ್ಕ್ರೂ ಮಾತ್ರ ಕೆಳಮುಖ. ಮೇಸ್ತ್ರಿ ಫೋಟೋದಲ್ಲಿ ಕಂಡಿದ್ದು ಅದನ್ನೇ. ಅಲ್ಲಿಂದ ಎಷ್ಟು ಆಯಿಲ್ ಇಳಿಸಿದರೂ ಮೇಲಿನ ಗಾಳಿ ಮೇಲೇ ಉಳಿಯುತ್ತದೆ. ಅಂಗಳದಲ್ಲಿ ಪೆಡಲ್ ಸ್ವಲ್ಪ ಮೆತ್ತಗಿತ್ತು, ನಿಜ. ಓಡಿಸಿದರೆ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಮೇಸ್ತ್ರಿ ಆ ಕಡೆಯ ಚಕ್ರವನ್ನೂ ಬಿಚ್ಚಿ, ಎರಡನ್ನೂ ಅವುಗಳ ಜಾಗಕ್ಕೆ ಹಾಕಿದರು. ಪೈಪಿನ ಬೋಲ್ಟಿಗೆ ಹೊಸ ತಾಮ್ರದ ವಾಷರು. ಅಕ್ಕನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಸ್ಕ್ರೂಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದರ ತುದಿಯನ್ನು ಆಯಿಲ್ ಇದ್ದ ಬಾಟಲಿಯಲ್ಲಿ ಮುಳುಗಿಸಿದರು. ಬಾನೆಟ್ ಒಳಗಿನ ಡಬ್ಬಿಗೆ ಆಯಿಲ್ ಸುರಿಯುವ ಕೆಲಸ ನನಗೆ.

"ತುಳಿದು ಹಿಡ್ಕೊಳಮ್ಮ."

"ಹಿಡಿದೆ."

ಸ್ಕ್ರೂ ಸಡಿಲಿಸಿದರು. ಬುಳುಬುಳು ಗುಳ್ಳೆ. ಸ್ಕ್ರೂ ಬಿಗಿ.

"ಈಗ ಬಿಡು."

ಮತ್ತೆ. ಮತ್ತೆ. ಒಂದೊಂದು ಗುಳ್ಳೆಯನ್ನೂ ನಾನು ಎಣಿಸುತ್ತಿದ್ದೆ. ಇಷ್ಟು ಗಾಳಿಯ ಮೇಲೆ ಅಕ್ಕನನ್ನು ಕೂರಿಸಿಕೊಂಡು ಹೊರಟಿದ್ದೆನಲ್ಲ! ಕೊನೆಗೆ ಟ್ಯೂಬಿನಲ್ಲಿ ಬರೀ ಆಯಿಲ್ ಬಂತು. ಆ ಕಡೆಯ ಚಕ್ರಕ್ಕೂ ಹಾಗೆಯೇ ಮಾಡಿದರು.

"ಈಗ ಜೋರಾಗಿ ಒತ್ತಿ, ಮೂವತ್ತು ಎಣಿಸಮ್ಮ. ಇಳಿಯುತ್ತಾ?"

ಅಕ್ಕ ಎಣಿಸಿದಳು. "ಇಲ್ಲ. ಕಲ್ಲು ಇದ್ದಂಗಿದೆ."

"ಹಾಗಾದ್ರೆ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರೂ ಸರಿ ಇದೆ."

ವ್ಯಾನಿಗೆ ಹಗ್ಗ ಕಟ್ಟಿ ಪಿಕಪ್ಪನ್ನು ಮಣ್ಣಿನಿಂದ ಎಳೆದರು. ರಸ್ತೆ ಬದಿಯಲ್ಲೇ ಮುಂದೆ ಹಿಂದೆ ಓಡಿಸಿ ಬ್ರೇಕ್ ಹಿಡಿದು ನೋಡಿದೆ. ಗಪ್ಪನೆ ನಿಂತಿತು.

ಅಕ್ಕ ಮೇಸ್ತ್ರಿಯ ವ್ಯಾನ್ ಹತ್ತಿದಳು.

"ಅಕ್ಕ, ಈಗ ಸರಿ ಹೋಯ್ತಲ್ಲ. ಬಾ."

"ಮಷೀನ್ ನಿನ್ನ ಜೊತೆ ಬರಲಿ. ಅವಕ್ಕೆ ಜೀವ ಇಲ್ಲ."

ಬಾಗಿಲು ಹಾಕಿಕೊಂಡಳು. ನಾನು ಫೋನ್ ತೆಗೆದು ಆ ನಂಬರಿನ ಬ್ಲಾಕ್ ತೆಗೆದೆ. ಆಮೇಲೆ ಫಸ್ಟ್ ಗೇರಿನಲ್ಲೇ ಉಳಿದ ಇಳಿಜಾರು ಇಳಿದೆವು... ನಾನು ಮತ್ತು ನನ್ನನ್ನು ಕೊಲ್ಲಲು ಹೊರಟಿದ್ದವನು, ಇಬ್ಬರೂ ಒಂದೇ ಸೀಟಿನಲ್ಲಿ.