ಆಯಿ ಅಂದ ‘ಹರಕತ ಇಲ್ಲ’

ಮೈಕು ತನ್ನ ಕಡೆ ಬಂದುಬಿಟ್ಟರೆ? ಸೃಷ್ಟಿ ಮನಸ್ಸಿನಲ್ಲೇ ಒಪ್ಪಿಕೊಂಡಳು: ಜನರ ಮುಂದೆ ನನಗೆ ದನಿಯೇ ಹೊರಡುವುದಿಲ್ಲ. ಕ್ಲಾಸಿನಲ್ಲಿ ‘ಯೆಸ್ ಸರ್’ ಅಂದದ್ದೂ ಪಕ್ಕದ ಪ್ರಾಚಿಗಷ್ಟೇ ಕೇಳಿಸುತ್ತದೆ.

“ಮಾತಾಡಾಕಿ ನಾನು. ನೀ ಯಾಕ ಬೆವರಾಕತ್ತಿ?” ಎಂದಳು ಪಕ್ಕದಲ್ಲಿ ಕುಳಿತ ಅವಳ ಅಜ್ಜಿ, ಆಯಿ ಮಾಯವ್ವ.

ಖಾನಾಪುರದ ಸಮುದಾಯ ಭವನ ತುಂಬಿತ್ತು. ದೊಡ್ಡ ರಸ್ತೆಗಳ ನಿಯಮ ಬದಲಾಗಲಿತ್ತು. ಡಿವೈಡರಿನ ನಡುವೆ ದಾಟಲು ಬಿಟ್ಟ ಸಣ್ಣ ಜಾಗಗಳನ್ನೆಲ್ಲ ಮುಚ್ಚುವುದು ಅದರಲ್ಲೊಂದು. ಜನರು ಏನನ್ನುತ್ತಾರೆ ಎಂದು ಕೇಳಲು ಬೆಳಗಾವಿಯಿಂದ ಸಾಹೇಬರು ಬಂದಿದ್ದರು.

ಸೃಷ್ಟಿಯ ಮನೆ ಹೈವೇಯ ಈಚೆ; ಶಾಲೆ, ಆಯಿ ಕುರಿ ಮೇಯಿಸುವ ಬಯಲು ಆಚೆ. ನಡುವೆ ಅಂಥದೇ ಒಂದು ಜಾಗ. ಎಲ್ಲರೂ ಅದನ್ನು ‘ಕಟ್’ ಅನ್ನುತ್ತಿದ್ದರು.

“ಕಟ್ ಮುಚ್ಚಿದ್ರ ನಿನ್ನ ಕುರಿಗೆ ರೆಕ್ಕಿ ಕಟ್ಟು, ಮಾಯವ್ವಾ,” ಹಿಂದಿನಿಂದ ಬಸಯ್ಯ ಕಾಕಾ ನಕ್ಕ.

“ಮೊದಲ ನಿನ್ನ ಬಾಯಿ ಕಟ್ತೀನಿ, ಸುಮ್ಮ ಕುಂದ್ರು.”

ಅಷ್ಟರಲ್ಲಿ ಮೈಕು ಆಯಿಯ ಮುಂದೆ ಬಂತು.

“ಅಜ್ಜಿ, ನಿಮ್ಮನ್ನು ತುಂಬಾ ಹೊತ್ತು ಕಾಯಿಸಿಬಿಟ್ಟೆವು,” ಎಂದರು ಸಾಹೇಬರು.

“ಹರಕತ ಇಲ್ರಿ ಸಾಹೇಬರ.”

‘ಇರಲಿ ಬಿಡ್ರಿ’ ಅನ್ನಲು ಅವರ ಮನೆಯಲ್ಲಿ ಹಾಗೆಯೇ ಅನ್ನುವುದು. ಆಯಿ ಸೆರಗು ಸರಿ ಮಾಡಿಕೊಂಡು ಇನ್ನೇನು ಮಾತು ಶುರು ಮಾಡಬೇಕು, ತಲೆ ತಗ್ಗಿಸಿ ಬರೆಯುತ್ತಿದ್ದ ಕ್ಲಾರ್ಕ್ ಕೂಗಿದ:

“ಮಾಯವ್ವ. ಹರಕತ ಇಲ್ಲ, ತಕರಾರ ಇಲ್ಲ. ಮುಂದಿನವರು!”

“ಏ ತಮ್ಮಾ! ಕಾಯಿಸಿದ್ದಕ್ಕ ಅಂದೆ ನಾ! ಕಟ್ ಮುಚ್ಚೂದಕ್ಕಲ್ಲ!”

“ನಿಮ್ಮದಾತಲ್ಲ ಆಯಿ. ಒಬ್ಬರಿಗೆ ಒಂದ ಸಲ.”

ಭವನವೆಲ್ಲ ನಕ್ಕಿತು. ಆಯಿ ಮತ್ತೆ ಏನೋ ಅಂದಳು. ಓಣಿಯ ತುದಿಗೆ ನಿಂತ ಕುರಿಯನ್ನೂ ತಿರುಗಿಸುವ ಆ ದನಿ ಈಗ ಮುಂದಿನ ಕುರ್ಚಿಗೂ ಮುಟ್ಟಲಿಲ್ಲ. ಆಯಿ ನೆಲ ನೋಡುತ್ತ ಕುಳಿತಳು. ಆಯಿ ಹಾಗೆ ಕುಳಿತದ್ದನ್ನು ಸೃಷ್ಟಿ ಎಂದೂ ನೋಡಿರಲಿಲ್ಲ.

“ಇವರ ಮನೆಯಿಂದ ಬೇರೆ ಯಾರಾದರೂ ಬಂದಿದ್ದಾರಾ?” ಸಾಹೇಬರು ಕೇಳಿದರು.

ಎಲ್ಲರೂ ಸೃಷ್ಟಿಯ ಕಡೆ ತಿರುಗಿದರು. ಮೈಕು ಕೈಗೆ ಬಂತು, ಕೀಂ ಎಂದು ಕಿರುಚಿತು. ಮನೆಯಲ್ಲಿ ಆಯಿ ಹತ್ತು ಸಲ ಹೇಳಿ ನೋಡಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಕಣ್ಣಮುಂದೆ ಬಂದದ್ದು ಲಾರಿಗಳು, ತನ್ನ ಎದೆಮಟ್ಟದ ಡಿವೈಡರ್.

“ಕಟ್ ಮುಚ್ಚಿದ್ರ,” ದನಿ ಒಡೆಯಿತು, ಆದರೂ ನಿಲ್ಲಲಿಲ್ಲ, “ನಾವು ಸಾಲಿಗೆ ಡಿವೈಡರ್ ಹಾರಿ ಹೋಗಬೇಕಾಗತೈತ್ರಿ. ಹಾರಾಕ ನನಗ ಅಂಜಿಕಿ ಬರತೈತಿ.”