ಮುಗಿಯದ ಹೊಲಿಗೆ

"ಕರಿ ಬಟ್ಟೆ ಹಿಡ್ಕೊಂಡು ಒಬ್ಬ ಮುದುಕಿ ಬರ್ತಾಳೆ. 'ನೋಡೋಣ' ಅಂದು ಕಳಿಸು. ಆಯ್ತು ಅಂತ ಮಾತ್ರ ಅನ್ನಬೇಡ ಕಣಪ್ಪ."

ಹೊಸದಾಗಿ ಸೇರಿದ್ದ ದರ್ಜಿ ಬಾಯಲ್ಲಿದ್ದ ದಾರದ ತುಂಡು ಉಗುಳಿ ನಕ್ಕ. "ಟೈಲರ್ ಮಾತಿಗೂ ಬೆಲೆಯೇ ಯಜಮಾನ್ರೇ? ನನ್ನ ಮಾತು ನಂಬಿದ ಮದುಮಗ ಬನಿಯನ್ನಲ್ಲೇ ಮದುವೆಗೆ ಹೋದ!"

ಯಜಮಾನ ನಗಲಿಲ್ಲ. "ಆ ಮುದುಕಿಯ ಕಾಯಿಲೆ ಮಗಳ ಕೊನೇ ಆಸೆ, ಒಂದು ಹೊಸ ಬಟ್ಟೆ. ಮೊದಲು ಈ ಮಿಷನ್ನಲ್ಲಿ ಕೂತಿದ್ದವನು ನಾಳೆ ನಾಳೆ ಅಂತ ಸತಾಯಿಸಿದ. ಹುಡುಗಿ ಹಾಗೇ ಹೋದ್ಲು. ತಾಯಿ ಮಾಟ ಮಾಡಿಸಿದ್ಲು. ಅವತ್ತಿಂದ ಅವಳಿಗೆ ಕೊಟ್ಟ ಮಾತು ಕೊಟ್ಟವನನ್ನ ಬಿಡಲ್ಲ. ಇನ್ನೊಬ್ಬರು ಬಾಯಿಬಿಟ್ಟು ಆ ಮಾತು ತಮ್ಮ ಮೇಲೆ ಹೊತ್ಕೊಂಡ್ರೇನೇ ಅವನಿಗೆ ಬಿಡುಗಡೆ." ಇಷ್ಟು ಹೇಳಿ ಅವನು ಊಟಕ್ಕೆ ಹೊರಟ.

ಅಂಗಡಿ ನೆಲಮಾಳಿಗೆಯಲ್ಲಿತ್ತು. ಕರೆಂಟು ಹೋಯಿತೆಂದರೆ ನಡುಮಧ್ಯಾಹ್ನವೂ ಬಾವಿಯ ತಳವೇ. ಅಂದೂ ಹೋಯಿತು. ಸುಟ್ಟ ಕೂದಲಿನ ನಾತ ಮೂಗಿಗೆ ಬಡಿದ ಮೇಲೆಯೇ ಎದುರಿಗೆ ಮುದುಕಿ ನಿಂತಿರುವುದು ದರ್ಜಿಗೆ ತಿಳಿದದ್ದು.

"ಹೊಲಿದು ಕೊಡ್ತೀಯೇನಪ್ಪಾ?"

"ಅದಕ್ಕೇನಜ್ಜಿ! ಮುಗಿಯೋವರೆಗೂ ಕೂತಲ್ಲಿಂದ ಏಳಲ್ಲ, ಸಾಕಾ?"

ಗಿರಾಕಿಗಳಿಗೆಲ್ಲ ಹೇಳುವ ಮಾತು. ರೂಢಿಬಲದಿಂದ ಬಂದುಬಿಟ್ಟಿತ್ತು. ಮುದುಕಿ ಬಟ್ಟೆ ಇಟ್ಟಳು. ಹಿಂತಿರುಗಿದ ಹೆಜ್ಜೆಗಳ ಸಪ್ಪಳವೇ ಇಲ್ಲ.

ಬಟ್ಟೆ ಜ್ವರದ ಮೈಯಂತೆ ಬಿಸಿಯಾಗಿತ್ತು. ಮೆಟ್ಟಿಲ ಕಡೆಯ ಮಸುಕು ಬೆಳಕಿನಲ್ಲಿ ಒಂದು ಅಂಚು ಹೊಲಿದ. ಅದರಾಚೆ ಇನ್ನೊಂದು ಮೊಳ ಉಳಿದಿತ್ತು. ಹೊಲಿದ. ಮತ್ತೆ ಬಟ್ಟೆ. ಏಳಲು ನೋಡಿದ. ತೊಡೆ ಕದಲಲಿಲ್ಲ. ಪಾದ ಮಾತ್ರ ಪೆಡಲು ತುಳಿಯುತ್ತಲೇ ಇತ್ತು. ಟಕಟಕ. ಟಕಟಕ. ಸೂಜಿ ಬೆರಳಿಗಿಳಿಯಿತು. ಕೈ ಹಿಂದೆ ಬರಲಿಲ್ಲ. ಬಟ್ಟೆ ಮೊಣಕಾಲು ಮುಚ್ಚಿತು. ಸೊಂಟ ಮುಚ್ಚಿತು. ಎದೆಗೆ ಬಂತು.

ಊಟದ ಡಬ್ಬಿ ಹಿಡಿದು ಅವನ ಹೆಂಡತಿ ಮೆಟ್ಟಿಲಿಳಿದಳು. ತುಂಬು ಬಸುರಿ.

"ಅಯ್ಯೋ, ಇದೇನ್ರೀ ರಕ್ತ!"

"ಹೋಗು! ಯಾರನ್ನಾದ್ರೂ ಕರಿ. ನೀನು ಮಾತ್ರ ಏನೂ ಅನ್ನಬೇಡ..."

"ಹಾಳಾಗ್ಲಿ ನಿಮ್ಮ ಕೆಲಸ. ಏಳಿ, ಉಳಿದದ್ದು ನಾನು ಮುಗಿಸ್ತೀನಿ."

ಅವನ ತೊಡೆ ಹಗುರಾಯಿತು. ನೆಲಕ್ಕೆ ಉರುಳಿದ. "ಬೇಡ ಕಣೇ!" ಎನ್ನುವಷ್ಟರಲ್ಲಿ ಯಾರೋ ಹೆಗಲು ಅದುಮಿದಂತೆ ಅವಳು ಕುಳಿತಾಗಿತ್ತು.

"ರೀ... ಕಾಲು ನನ್ನ ಮಾತು ಕೇಳ್ತಿಲ್ಲ."

ತೋಳು ಹಿಡಿದೆಳೆದ. ಅಲುಗಲಿಲ್ಲ. ಬಟ್ಟೆ ಅವಳ ಹೊಟ್ಟೆಯ ಮೇಲಕ್ಕೆ ಹರಿಯತೊಡಗಿತು.

"ಏನಾದ್ರೂ ಹೇಳ್ರೀ!"

ಅವಳನ್ನು ಬಿಡಿಸುವ ಮಾತು ಗಂಟಲವರೆಗೆ ಬಂತು. ಜೀವಮಾನದಲ್ಲಿ ಮೊದಲ ಸಲ ಅವನು ಬಾಯಿ ತೆರೆಯುವ ಮುನ್ನ ಯೋಚಿಸಿದ.

ಯೋಚಿಸುತ್ತಲೇ ನಿಂತ.